ಎಂಜಿನ್ ಕೊನೆಗೆ ಬರಲಿ



ನೀನು ಕಳಿಸಿದ ಫೋಟೊ ನೋಡಿದೆ. 1972ರ ಎಂಜಿಬಿ ರೋಡ್‌ಸ್ಟರ್, ಕ್ರೋಮ್ ಬಂಪರು, ಸ್ಪೋಕ್ ಚಕ್ರ. ಕವೆಂಟ್ರಿಯಲ್ಲಿ ಕೆಲಸಕ್ಕೆ ಸೇರಿ ಎರಡು ಸಂಬಳ ಕೈಗೆ ಬರುತ್ತಿದ್ದಂತೆ ಹಳೇ ಕಾರು ಕೊಳ್ಳುವುದು ಈ ಊರಿನ ಗಾಳಿಯಲ್ಲೇ ಇದೆ, ನಿನ್ನ ತಪ್ಪೇನಿಲ್ಲ. ಫೋಟೊದ ಕೆಳಗಿನ ಸಾಲನ್ನೂ ಓದಿದೆ: ‘ಮಾವ, ಇದಕ್ಕೆ ವಿ8 ಎಂಜಿನ್ ಹಾಕೋಣ ಅಂತಿದೀನಿ. ಅಮ್ಮಂಗೆ ಹೇಳ್ಬೇಡಿ.’ ಹೇಳುವುದಿಲ್ಲ. ಆದರೆ ಆ ಎಂಜಿನ್ನಿಗೆ ಮುಂಗಡ ಕೊಡುವ ಮೊದಲು ಇದನ್ನು ಪೂರ್ತಿ ಓದು.

ಬೇಡ ಅನ್ನುವ ಮುದುಕ ನಾನಲ್ಲ. ಎಂಜಿಬಿಗೆ ವಿ8 ಕೂರಿಸುವುದು ಹುಚ್ಚುತನ ಅನ್ನುವವರಿಗೆ ಆ ಕಾರಿನ ಕಥೆ ಗೊತ್ತಿಲ್ಲ. ಆ ಕೆಲಸವನ್ನು ಕಾರ್ಖಾನೆಯೇ ಮಾಡಿ ಮಾರಿದೆ. ನನ್ನ ತಕರಾರು ನೀನು ಹಿಡಿದಿರುವ ಕ್ರಮದ ಮೇಲೆ. ಮೊದಲು ಎಂಜಿನ್ ಕೊಳ್ಳುವುದು, ಅದನ್ನು ಬಾನೆಟ್ ಕೆಳಗೆ ಇಳಿಸುವುದು, ಮಿಕ್ಕಿದ್ದನ್ನು ಆಮೇಲೆ ನೋಡಿಕೊಳ್ಳುವುದು ಅಂತ ಬರೆದಿದ್ದೀಯ. ಬ್ರೇಕು, ಬಾಡಿ, ಹಿಂದಿನ ಆಕ್ಸಲ್, ಗೇರ್‌ಬಾಕ್ಸು, ರೇಡಿಯೇಟರು, ಕಾಗದಪತ್ರ, ಇಷ್ಟೂ ಮುಗಿದ ಮೇಲೆ ಎಂಜಿನ್ ಬರಲಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ಬರೀ ಎಂಜಿನ್ ದೊಡ್ಡದಾದ ಕಾರುಗಳು ಹಾಗೇ ಇರುತ್ತವೆ, ಈ ದೇಶದ ಗ್ಯಾರೇಜುಗಳಲ್ಲಿ ಅರ್ಧ ಬಿಚ್ಚಿ, ಹೊದಿಕೆ ಹೊದ್ದು ಕೂತಿರುತ್ತವೆ.

ಈಗ ಆ ಕಾರಿನಲ್ಲಿರುವ ಎಂಜಿನ್ನನ್ನು ನೀನು ‘ಹಳೇ ಕಬ್ಬಿಣ’ ಅಂದಿದ್ದೀಯ. ಅದು ನಿನಗೆ ದೂರದ ನೆಂಟ ಕಣೋ. ನಿಮ್ಮ ತಾತ ಓಡಿಸುತ್ತಿದ್ದ ಅಂಬಾಸಿಡರ್ ಪೆಟ್ರೋಲ್ ಕಾರಿನ 1489 ಸಿಸಿ ಎಂಜಿನ್ನೂ, ನಿನ್ನ ಎಂಜಿಬಿಯ 1798 ಸಿಸಿ ಎಂಜಿನ್ನೂ ಬಿಎಂಸಿಯ ಬಿ-ಸೀರೀಸ್ ಎಂಬ ಒಂದೇ ಮನೆತನದವು. ಎಂಜಿಎ ಕಾರು 1955ರಲ್ಲಿ ಬಂದಾಗ ಅದರಲ್ಲಿದ್ದದ್ದೂ ಆ 1489 ಸಿಸಿಯೇ. ಹಾಸನದಲ್ಲೋ ಮಂಡ್ಯದಲ್ಲೋ ಅಂಬಾಸಿಡರ್ ರಿಪೇರಿ ಮಾಡಿದ ಯಾವ ಹಳೇ ಮೇಸ್ತ್ರಿಯನ್ನು ಕರೆತಂದರೂ ನಿನ್ನ ಕಾರಿನ ಟ್ಯಾಪೆಟ್ ಸೆಟ್ ಮಾಡಿಯಾನು. ಒಂಬತ್ತರ ಲೆಕ್ಕ: ಎಂಟನೇ ವಾಲ್ವು ಪೂರ್ತಿ ತೆರೆದಿದ್ದಾಗ ಒಂದನೆಯದನ್ನು, ಆರು ತೆರೆದಿದ್ದಾಗ ಮೂರನ್ನು ನೋಡುವುದು, ಕೂಡಿದರೆ ಯಾವಾಗಲೂ ಒಂಬತ್ತು. ಎಂಜಿನ್ ಬದಲಾವಣೆ ಅನ್ನುವುದೂ ನಮ್ಮವರಿಗೆ ಹೊಸದಲ್ಲ. ಪೆಟ್ರೋಲ್ ಬೆಲೆ ಏರಿದಾಗ ಅಂಬಾಸಿಡರ್‌ಗೆ ಡೀಸೆಲ್ ಎಂಜಿನ್ ಇಳಿಸಿದ ಗ್ಯಾರೇಜುಗಳು ಊರೂರಲ್ಲಿದ್ದವು. ಕೆಲವು ಕಾರು ಚೆನ್ನಾಗೇ ಓಡಿದವು. ಕೆಲವದರ ಮೂಗು ನೆಲಕ್ಕೆ ಬಾಗಿತು, ಸ್ಟಿಯರಿಂಗ್ ತಿರುಗಿಸಲು ತೋಳು ಬೇಕಾಯಿತು. ಯಾವುದು ಹೇಗಾಗುತ್ತದೆ ಅನ್ನುವುದು ಎಂಜಿನ್ನಿನ ಅಶ್ವಶಕ್ತಿಗಿಂತ ಅದರ ತೂಕದ ಮೇಲೆ, ಆ ತೂಕ ಕೂರುವ ಜಾಗದ ಮೇಲೆ ಹೋಗುತ್ತಿತ್ತು.

ಈ ಮಾತಿಗೆ ಸಾಕ್ಷಿ ಬೇಕಾದರೆ ಎಂಜಿಯವರ ಮನೆಯಲ್ಲೇ ಇದೆ. 1967ರಲ್ಲಿ ಅವರು ಎಂಜಿಬಿಯ ಬಾಡಿಗೆ 2912 ಸಿಸಿಯ ಆರು ಸಿಲಿಂಡರ್ ಎಂಜಿನ್ ಹಾಕಿ ಎಂಜಿಸಿ ಅಂತ ಹೆಸರಿಟ್ಟರು. ಶಕ್ತಿ ಸುಮಾರು 145 ಅಶ್ವಶಕ್ತಿ, ನಿನ್ನದಕ್ಕಿಂತ ಒಂದೂವರೆ ಪಟ್ಟು. ಆದರೆ ಅದು ಪೂರಾ ಎರಕದ ಕಬ್ಬಿಣ. ನಾಲ್ಕು ಸಿಲಿಂಡರಿನದಕ್ಕಿಂತ ಸುಮಾರು 95 ಕೆಜಿ ಹೆಚ್ಚು ತೂಕ, ಅಷ್ಟೂ ಮುಂದಿನ ಚಕ್ರಗಳ ಮೇಲೆ. ಎಂಜಿನ್ ಉದ್ದವಾಗಿ ಎತ್ತರವಾಗಿದ್ದರಿಂದ ಬಾನೆಟ್ ಮೇಲೆ ಉಬ್ಬು ಬಂತು, ಮುಂದಿನ ಸಸ್ಪೆನ್ಷನ್ನನ್ನೇ ಬದಲಿಸಿ ಟಾರ್ಷನ್ ಬಾರ್ ಹಾಕಬೇಕಾಯಿತು. ಪತ್ರಿಕೆಯವರು ಓಡಿಸಿ ನೋಡಿ, ತಿರುವಿನಲ್ಲಿ ಮೂಗು ಹೊರಕ್ಕೆ ಎಳೆಯುತ್ತದೆ, ಕಾರು ಚುರುಕಾಗಿಲ್ಲ ಅಂತ ಬರೆದರು. ಎರಡು ವರ್ಷಕ್ಕೆ, ಸುಮಾರು 9000 ಕಾರಿಗೆ, ಅದರ ಕಥೆ ಮುಗಿಯಿತು. ನನ್ನ ಕೇಳಿದರೆ ಎಂಜಿಸಿ ದೂರದ ಹಾದಿಗೆ ಒಳ್ಳೇ ಕಾರು, ಪಾಪ, ಅದನ್ನು ಎಂಜಿಬಿಯ ಅಣ್ಣ ಅಂತ ಮಾರಿದ್ದು ತಪ್ಪಾಯಿತು.

ಅದಾಗಿ ಸ್ವಲ್ಪ ಕಾಲಕ್ಕೆ ಕೆನ್ ಕಾಸ್ಟೆಲೊ ಎಂಬ ರೇಸ್ ಚಾಲಕ ತನ್ನ ವರ್ಕ್‌ಶಾಪಿನಲ್ಲಿ ರೋವರ್ ವಿ8 ಎಂಜಿನ್ನನ್ನು ಎಂಜಿಬಿಗೆ ಇಳಿಸಿ ಮಾರತೊಡಗಿದ. ಆ ಎಂಜಿನ್ನಿನ ಹುಟ್ಟು ಅಮೆರಿಕದ್ದು. 1961ರಿಂದ 63ರವರೆಗೆ ಬ್ಯೂಯಿಕ್ ತಯಾರಿಸಿ ಕೈಬಿಟ್ಟ ಅಲ್ಯೂಮಿನಿಯಂ ಎಂಜಿನ್ ಅದು. ರೋವರ್ ಕಂಪನಿಯ ವಿಲಿಯಂ ಮಾರ್ಟಿನ್-ಹರ್ಸ್ಟ್ ಕಣ್ಣಿಗೆ ಅದು ಬಿದ್ದದ್ದು ಮರ್ಕ್ಯುರಿ ಮರೀನ್ ಎಂಬ ದೋಣಿ ಎಂಜಿನ್ ಕಂಪನಿಯಲ್ಲಂತೆ. 1965ರಲ್ಲಿ ರೋವರ್ ಅದರ ಹಕ್ಕು ಕೊಂಡಿತು, ಆಮೇಲೆ ನಾಲ್ಕು ದಶಕದ ಹತ್ತಿರ ಅದನ್ನು ಬಿಡಲಿಲ್ಲ. ಎಂಟು ಸಿಲಿಂಡರ್, 3528 ಸಿಸಿ, ಅಂದರೆ ನಿನ್ನದಕ್ಕಿಂತ ಗಾತ್ರದಲ್ಲಿ ಹೆಚ್ಚುಕಡಿಮೆ ಎರಡರಷ್ಟು. ಆದರೂ ನಿನ್ನ ನಾಲ್ಕು ಸಿಲಿಂಡರಿನ ಕಬ್ಬಿಣದ ಎಂಜಿನ್ನಿಗಿಂತ ಭಾರವಿಲ್ಲ, ಒಂದು ತೂಕ ಹಗುರವೇ. ಉದ್ದವೂ ಕಡಿಮೆ, ಹಾಗಾಗಿ ತೂಕ ಹಿಂದಕ್ಕೆ, ಬಲ್ಕ್‌ಹೆಡ್ ಕಡೆಗೆ ಕೂರುತ್ತದೆ. ಕಾಸ್ಟೆಲೊನ ಕಾರನ್ನು ಆಗ ಎಂಜಿಯ ಒಡೆಯರಾಗಿದ್ದ ಬ್ರಿಟಿಷ್ ಲೇಲ್ಯಾಂಡಿನವರು ತರಿಸಿ ನೋಡಿ, 1973ರಲ್ಲಿ ತಾವೇ ಎಂಜಿಬಿ ಜಿಟಿ ವಿ8 ಹೊರತಂದರು. ಅವನ ಕಾರಿನಲ್ಲಿ ಕಾರ್ಬ್ಯುರೇಟರ್ ಎತ್ತರಕ್ಕಿದ್ದು ಬಾನೆಟ್ ಉಬ್ಬಿಸಬೇಕಾಗಿತ್ತು. ಇವರು ಎರಡು ಎಸ್‌ಯು ಕಾರ್ಬ್ಯುರೇಟರ್‌ಗಳನ್ನು ಎಂಜಿನ್ನಿನ ಹಿಂಬದಿಗೆ ತಳ್ಳಿ ಮಾಮೂಲಿ ಬಾನೆಟ್ಟನ್ನೇ ಮುಚ್ಚಿದರು. ಹೊರಗಿನಿಂದ ನೋಡಿದರೆ ವಿ8 ಅಂತ ಗೊತ್ತೇ ಆಗದು. ನನಗೆ ಆ ಜಾಣತನ ಇಷ್ಟ.

ಒಂದೇ ಬಾಡಿ, ಎರಡು ದೊಡ್ಡ ಎಂಜಿನ್. ಒಂದು ಕಾರನ್ನು ಕೆಡಿಸಿತು, ಇನ್ನೊಂದು ಕೂಡಿ ಬಂತು. ಅಮೆರಿಕದಲ್ಲಿ ಇದೇ ಕಾರಿಗೆ ಫೋರ್ಡ್ 302 ಹಾಕಿದವರಿದ್ದಾರೆ, ಜಿಎಂನ ಎಲ್‌ಎಸ್ ತುರುಕಿದವರಿದ್ದಾರೆ, ನೀನೂ ಆ ವಿಡಿಯೊಗಳನ್ನು ನೋಡಿಯೇ ಕೆಟ್ಟಿರಬೇಕು. 400 ಅಶ್ವಶಕ್ತಿಯ ಎಂಜಿಬಿ ನೇರ ದಾರಿಯಲ್ಲಿ ಕೂಗಾಡಲು ಚೆಂದ. ವಾರ್ವಿಕ್‌ಶೈರಿನ ಹಳ್ಳಿ ದಾರಿಗೆ, ಮಳೆ ಬಿದ್ದ ಭಾನುವಾರಕ್ಕೆ ಅದು ಬೇಡ.

ಜಾಗದ ಮಾತಿಗೂ ಒಂದು ಉದಾಹರಣೆ ಇದೆ. ಸನ್‌ಬೀಮ್ ಆಲ್ಪೈನ್ ಎಂಬ ಸಣ್ಣ ಕಾರಿಗೆ ಫೋರ್ಡಿನ 4.2 ಲೀಟರ್ ವಿ8 ಇಳಿಸುವ ಕೆಲಸವನ್ನು ರೂಟ್ಸ್ ಕಂಪನಿ ಕ್ಯಾಲಿಫೋರ್ನಿಯಾದ ಕ್ಯಾರಲ್ ಶೆಲ್ಬಿಗೆ ಒಪ್ಪಿಸಿತು. 1964ರಲ್ಲಿ ಟೈಗರ್ ಹುಟ್ಟಿತು. ವೆಸ್ಟ್ ಬ್ರಾಮ್ವಿಚ್‌ನ ಜೆನ್ಸನ್ ಕಾರ್ಖಾನೆಯಲ್ಲಿ ಜೋಡಣೆ. ಎಂಜಿನ್ ಒಳಗೆ ಹೋಗಲೆಂದು ಅಲ್ಲಿನ ಕೆಲಸಗಾರರು ಬಣ್ಣ ಹೊಡೆದ ಬಾಡಿಯ ಮೇಲೇ ದೊಡ್ಡ ಸುತ್ತಿಗೆ ಬೀಸುತ್ತಿದ್ದರು ಅನ್ನುವ ಮಾತು ಈಗಲೂ ಈ ಕಡೆ ಓಡಾಡುತ್ತದೆ. ಸ್ಟಿಯರಿಂಗನ್ನೇ ಬದಲಿಸಿ ರ‍್ಯಾಕ್ ಹಾಕಬೇಕಾಯಿತು. ಹಿಂದಿನ ಒಂದು ಸ್ಪಾರ್ಕ್ ಪ್ಲಗ್ಗಿಗೆ ಬಾನೆಟ್ ಕಡೆಯಿಂದ ಕೈ ಹೋಗುವುದಿಲ್ಲ. ಬಲ್ಕ್‌ಹೆಡ್ಡಿನಲ್ಲಿ ರಬ್ಬರ್ ಬಿರಡೆ ಹಾಕಿದ ತೂತಿದೆ, ಕಾರಿನ ಒಳಗೆ ಕೂತು ಅದನ್ನು ಬಿಚ್ಚಬೇಕು. ಆಮೇಲೆ ಕ್ರೈಸ್ಲರ್ ಕಂಪನಿ ರೂಟ್ಸನ್ನು ಹಿಡಿದುಕೊಂಡಾಗ ಪ್ರತಿಸ್ಪರ್ಧಿ ಫೋರ್ಡಿನ ಎಂಜಿನ್ ತನ್ನ ಕಾರಿನಲ್ಲಿರುವುದು ಅದಕ್ಕೆ ಮುಜುಗರ, ತನ್ನದೇ ವಿ8 ಹಾಕೋಣ ಅಂದರೆ ಅದರ ಡಿಸ್ಟ್ರಿಬ್ಯೂಟರ್ ಹಿಂಬದಿಗಿದ್ದು ಹಿಡಿಸಲಿಲ್ಲ. ಕಾರೇ ನಿಂತಿತು. ಒಂದು ಡಿಸ್ಟ್ರಿಬ್ಯೂಟರ್ ಎಲ್ಲಿದೆ ಅನ್ನುವುದು ಇಷ್ಟು ದೂರ ಹೋಗುತ್ತದೆ. ‘ಎಂಜಿನ್ ಒಳಗೆ ಹಿಡಿಸುತ್ತೆ ಮಾವ’ ಅಂದಿದ್ದೀಯಲ್ಲ, ಹಿಡಿಸಿದ ಮೇಲೆ ಸ್ಪ್ಯಾನರ್ ಹಿಡಿಸುತ್ತದೆಯೇ ಅಂತ ಕೇಳಿಕೋ.

ಈಗ ಕೆಲಸಕ್ಕೆ ಬರುತ್ತೇನೆ. ಮೊದಲು ಬ್ರೇಕು.

ನಿನ್ನ ಕಾರಿನ ಮುಂದೆ ಡಿಸ್ಕ್, ಹಿಂದೆ ಡ್ರಮ್. 95 ಅಶ್ವಶಕ್ತಿಗೆ, ನೂರು ಮೈಲಿ ವೇಗಕ್ಕೆ ಅವು ಸಾಕು. ಕಾರ್ಖಾನೆಯ ವಿ8 ಗಂಟೆಗೆ ಸುಮಾರು 125 ಮೈಲಿ ಹೋಗುತ್ತಿತ್ತು. ನೀನು 125 ಹೋಗುವುದಿಲ್ಲ ಅಂತ ಆಣೆ ಮಾಡಬೇಡ. 60ರಿಂದ 90ಕ್ಕೆ ಹೋದರೂ ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ, ವೇಗದ ವರ್ಗದ ಲೆಕ್ಕ. ಎಂಜಿನಿಯರಿಂಗ್ ಓದಿದವನಿಗೆ ಹೇಳಬೇಕೆ? ಕಾರ್ಖಾನೆಯವರು ಶಕ್ತಿ ಏರಿಸಿದ್ದು 137ಕ್ಕೆ ಮಾತ್ರ, ಅಷ್ಟಕ್ಕೇ ದಪ್ಪನೆಯ ಡಿಸ್ಕು, ದೊಡ್ಡ ಕ್ಯಾಲಿಪರು, ಸರ್ವೊ ಹಾಕಿದರು. ನೀನೂ ಅದನ್ನೇ ಮಾಡು, ಆದರೆ ಹಳೇ ಎಂಜಿನ್ ಇರುವಾಗಲೇ ಮಾಡು. ರಬ್ಬರ್ ಹೋಸುಗಳನ್ನು ಮರೆಯಬೇಡ. ಹೊರಗೆ ನೋಡಲು ಚೆನ್ನಾಗಿರುವ ಹಳೇ ಹೋಸು ಒಳಗೇ ಊದಿಕೊಂಡು ಎಣ್ಣೆಯನ್ನು ಹೋಗಲು ಬಿಟ್ಟು ಬರಲು ಬಿಡದೆ ಹೋದರೆ, ಪೆಡಲ್ ಬಿಟ್ಟರೂ ಒಂದು ಚಕ್ರ ಹಿಡಿದುಕೊಂಡೇ ಇರುತ್ತದೆ. ಸ್ಪೋಕ್ ಚಕ್ರದ ಮೇಲೆ ನಿನಗೆ ಮೋಹ ಇದೆ, ಗೊತ್ತು. ಕಾರ್ಖಾನೆ ವಿ8 ಕಾರಿಗೆ ಅದನ್ನು ಕೊಡಲೇ ಇಲ್ಲ, ಸ್ಟೀಲ್ ರಿಮ್ಮಿಗೆ ಅಲ್ಯೂಮಿನಿಯಂ ನಡುಭಾಗ ಇರುವ ಗಟ್ಟಿ ಚಕ್ರ ಕೊಟ್ಟಿತು. ಅದರಲ್ಲೇ ಉತ್ತರ ಇದೆ. ಟೈರಿನ ವೇಗದ ಅಕ್ಷರವನ್ನೂ, ತಯಾರಾದ ವರ್ಷವನ್ನೂ ನೋಡು.

ಬಾಡಿಯ ಮಾತನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ದುಡ್ಡು ಮುಳುಗುವುದು ಅಲ್ಲೇ. ಅಂಬಾಸಿಡರ್ ಹಾಗೆ ಎಂಜಿಬಿಗೂ ಪ್ರತ್ಯೇಕ ಚಾಸಿ ಇಲ್ಲ, ತಗಡಿನ ಬಾಡಿಯೇ ಎಲುಬು. ಜಿಟಿಗೆ ತಲೆ ಮೇಲೆ ಛಾವಣಿ ಇದೆ, ಅದೂ ಭಾರ ಹೊರುತ್ತದೆ. ನಿನ್ನ ರೋಡ್‌ಸ್ಟರ್‌ಗೆ ಛಾವಣಿ ಬಟ್ಟೆಯದು. ಕಾರನ್ನು ನಡುವೆ ಬಾಗದಂತೆ ಹಿಡಿದಿರುವುದು ಬಾಗಿಲ ಕೆಳಗಿನ ಎರಡು ಸಿಲ್ಲುಗಳು, ಮಧ್ಯದ ಸುರಂಗ. ಕಾರ್ಖಾನೆಯವರು ವಿ8 ಅನ್ನು ಆಗ ಜಿಟಿಗೆ ಮಾತ್ರ ಹಾಕಿದರು ಅನ್ನುವುದನ್ನು ಮರೆಯಬೇಡ; ಛಾವಣಿ ಇಲ್ಲದ ಆರ್‌ವಿ8 ಬಂದದ್ದು 1992ರಲ್ಲಿ, ಹೊಸದಾಗಿ ಒತ್ತಿದ ಬಾಡಿಯ ಮೇಲೆ. ಐವತ್ತು ಚಳಿಗಾಲದಲ್ಲಿ ಈ ದೇಶದ ರಸ್ತೆಗೆ ಸುರಿದ ಉಪ್ಪು ಎಲ್ಲ ಸೇರುವುದು ಆ ಸಿಲ್ಲುಗಳ ಒಳಗೆ. ಹೊರಗೆ ಹೊಸ ತಗಡು ಮುಚ್ಚಿ ಬಣ್ಣ ಹೊಡೆದು, ಒಳಗಿನ ಪೊರೆ ಪುಡಿಯಾಗಿದ್ದರೂ ಕಾಣದ ಹಾಗೆ ಮಾಡಿ ಮಾರುವವರು ಬೇಕಾದಷ್ಟು.

ಪರೀಕ್ಷೆ ಸುಲಭ. ಬಾಗಿಲು ಮುಚ್ಚಿಟ್ಟು, ಬಾಗಿಲಿಗೂ ಹಿಂದಿನ ಮಡ್‌ಗಾರ್ಡಿಗೂ ನಡುವಿನ ಸಂದನ್ನು ಮೇಲೆ ಕೆಳಗೆ ಅಳೆದುಕೋ. ಆಮೇಲೆ ಒಂದು ಕಡೆಯ ಚಕ್ರಗಳೆರಡನ್ನೂ ಎತ್ತುವ ಹಾಗೆ ಜಾಕ್ ಹಾಕಿ ಮತ್ತೆ ಅಳೆ, ಬಾಗಿಲು ತೆರೆದು ಮುಚ್ಚಿ ನೋಡು. ಸಂದು ಕಿರಿದಾದರೆ, ಬಾಗಿಲು ಹಿಡಿದುಕೊಂಡರೆ ಎಂಜಿನ್ ವಿಚಾರವನ್ನು ಅಲ್ಲಿಗೇ ಬಿಡು, ಮೊದಲು ಟಿಂಕರಿಂಗ್. ಸಿಲ್ಲು ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಪೈಪು ಬೆಸೆದುಕೊಳ್ಳಬೇಕು, ಬಾಗಿಲನ್ನು ಜಾಗದಲ್ಲೇ ಇಟ್ಟು ಅಳೆಯುತ್ತಾ ಬೆಸುಗೆ ಹಾಕಬೇಕು. ಇಲ್ಲದಿದ್ದರೆ ಬಾಳೆಹಣ್ಣಿನಾಕಾರದ ಕಾರು ಸಿಗುತ್ತದೆ, ಆಮೇಲೆ ಯಾವ ಮೇಸ್ತ್ರಿಯೂ ನೇರ ಮಾಡಲಾರ. ಬ್ರಿಟಿಷ್ ಮೋಟರ್ ಹೆರಿಟೇಜ್ ಕಂಪನಿ 1988ರಿಂದ ಮೂಲ ಅಚ್ಚುಗಳಲ್ಲೇ ಎಂಜಿಬಿ ಬಾಡಿ ಒತ್ತುತ್ತಿದೆ. ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ, ಆದರೆ ತುಂಡು ತುಂಡಾಗಿ ಬೆಸೆಸಿಕೊಂಡು ಎರಡು ವರ್ಷ ಕಳೆದವರು ಕೊನೆಗೆ ಅದೇ ದುಡ್ಡು ಕೊಟ್ಟಿರುತ್ತಾರೆ.

ಹಿಂದಿನ ಆಕ್ಸಲ್ ವಿಷಯದಲ್ಲಿ ನೀನು ಪುಣ್ಯವಂತ. 1967ಕ್ಕೆ ಮುಂಚಿನ ರೋಡ್‌ಸ್ಟರ್‌ಗಳದ್ದು ಬೇರೆ ಹೌಸಿಂಗ್, ನಿನ್ನದು ಟ್ಯೂಬಿನದು, ಗಟ್ಟಿ. ಆದರೆ ಒಳಗಿನ ಕ್ರೌನ್ ಪಿನಿಯನ್ ಬದಲಾಗಬೇಕು. ನಿನ್ನ ಕಾರಿನ ಅನುಪಾತ 3.9. ನಾಲ್ಕನೇ ಗೇರಿನಲ್ಲಿ ಪ್ರತಿ ಸಾವಿರ ಸುತ್ತಿಗೆ ಸುಮಾರು 18 ಮೈಲಿ, ಅಂದರೆ 70ರಲ್ಲಿ ಎಂಜಿನ್ 3900 ಸುತ್ತು ತಿರುಗಿ ಗೋಳಾಡುತ್ತಿರುತ್ತದೆ. ಕಾರ್ಖಾನೆ ವಿ8ಗೆ 3.07 ಕೊಟ್ಟಿತು, ಓವರ್‌ಡ್ರೈವ್ ಹಾಕಿದರೆ ಸಾವಿರ ಸುತ್ತಿಗೆ 28 ಮೈಲಿ ದಾಟುತ್ತದೆ, 70ರಲ್ಲಿ 2500 ಸುತ್ತು. ವಿ8 ಹಾಕಿ 3.9 ಇಟ್ಟುಕೊಂಡವನಿಗೆ ಮೊದಲನೇ ಗೇರು ಹಾಕುವಷ್ಟರಲ್ಲಿ ಮುಗಿದಿರುತ್ತದೆ. ಅನುಪಾತ ಬದಲಿಸಿದ ಮೇಲೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಅದನ್ನೂ ಸರಿ ಮಾಡಿಸಬೇಕು. ಹಿಂದೆ ಇರುವುದು ಲೀಫ್ ಸ್ಪ್ರಿಂಗ್. ಎಳೆತ ಜಾಸ್ತಿಯಾದಾಗ ಪಟ್ಟಿಗಳು ಎಸ್ ಆಕಾರಕ್ಕೆ ತಿರುಚಿಕೊಂಡು ಆಕ್ಸಲ್ ಕುಣಿಯುತ್ತದೆ. ಅದಕ್ಕೆ ತಡೆ ಸರಳು ಹಾಕುವವರಿದ್ದಾರೆ. ಮೊದಲು ಬುಷ್ಷು, ಶ್ಯಾಕಲ್ಲು ಹೊಸದು ಹಾಕಿ, ಲಿವರ್ ಡ್ಯಾಂಪರ್‌ಗಳಲ್ಲಿ ಎಣ್ಣೆ ಇದೆಯೇ ನೋಡು. ಅರ್ಧ ಜನರ ತೊಂದರೆ ಅಲ್ಲಿಗೇ ಹೋಗುತ್ತದೆ.

ಗೇರ್‌ಬಾಕ್ಸ್ ನೋಡುವಾಗ ಅಶ್ವಶಕ್ತಿಯನ್ನು ಮರೆತು ಟಾರ್ಕ್ ನೋಡು. ನಿನ್ನ ಎಂಜಿನ್ನಿನದು ಸುಮಾರು 110 ಪೌಂಡ್-ಅಡಿ, ವಿ8ದು 193. ಕಾರ್ಖಾನೆಯವರಿಗೇ ಇದು ತಲೆನೋವಾಗಿ, ಮೂರನೇ ಗೇರಿನಲ್ಲಿದ್ದ ಓವರ್‌ಡ್ರೈವನ್ನು ಬೇಗನೆ ತೆಗೆದು ನಾಲ್ಕಕ್ಕೆ ಮಾತ್ರ ಉಳಿಸಿದರು. ಇವತ್ತು ಹೆಚ್ಚಿನವರು ರೋವರ್ ಎಸ್‌ಡಿ1 ಕಾರಿನ ಐದು ಗೇರಿನ ಎಲ್‌ಟಿ77 ಹಾಕುತ್ತಾರೆ. ಲಿವರ್ ಎಲ್ಲಿ ಬರುತ್ತದೆ, ಸುರಂಗಕ್ಕೆ ಎಷ್ಟು ತಾಗುತ್ತದೆ, ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಉದ್ದ ಬೇಕು ಅನ್ನುವುದನ್ನು ಖಾಲಿ ಬ್ಲಾಕಿನ ಜತೆ ಗೇರ್‌ಬಾಕ್ಸ್ ಜೋಡಿಸಿ, ಇಳಿಸಿ ಅಳೆಯಬೇಕು. ಗುಜರಿಯಿಂದ ಕೆಟ್ಟ ಬ್ಲಾಕೊಂದನ್ನು ತಂದುಕೋ, ಅಲ್ಯೂಮಿನಿಯಂ ಆದ್ದರಿಂದ ಇಬ್ಬರು ಎತ್ತಬಹುದು. ಅದೇ ಹೊತ್ತಿಗೆ ಸ್ಟಿಯರಿಂಗ್ ಶಾಫ್ಟಿಗೂ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೂ ಎಷ್ಟು ಸಂದಿದೆ ನೋಡು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಹೊರಳುತ್ತದೆ, ನಿಂತಾಗ ಬೆರಳು ಹೋಗುವಷ್ಟು ಸಂದು ಎಳೆತದಲ್ಲಿ ಇಲ್ಲವಾಗುತ್ತದೆ. ಆರ್‌ವಿ8 ಕಾರಿನಲ್ಲಿ ಎಕ್ಸಾಸ್ಟನ್ನು ಒಳಮಡ್‌ಗಾರ್ಡಿನ ತೂತಿನ ಮೂಲಕ ಹೊರಗೆ ತೆಗೆದು ಕೆಳಗಿಳಿಸಿದ್ದಾರೆ. ಶಾಖ ಎಂಜಿನ್ ಕೋಣೆಯಿಂದ ಆಚೆ ಹೋಗುವುದರಿಂದ ಅದು ಒಳ್ಳೆಯದೇ, ಆದರೆ ತಗಡಿಗೆ ತೂತು ಕೊರೆದರೆ ವಾಪಸು ಬರಲಾಗದು. ಕತ್ತರಿಸುವ ಕೆಲಸ ಎಷ್ಟು ಕಡಿಮೆಯೋ ಅಷ್ಟು ನೆಮ್ಮದಿ.

ರೇಡಿಯೇಟರ್ ನಿನ್ನ ಕಾರಿನಲ್ಲಿ ಹಿಂದಕ್ಕಿದೆ. ವಿ8 ಬಂದರೆ ಅದು ಮುಂದೆ ಸರಿಯಬೇಕು, ಎಂಜಿನ್ ತಿರುಗಿಸುವ ಫ್ಯಾನ್ ಹೋಗಿ ಎರಡು ಕರೆಂಟ್ ಫ್ಯಾನ್ ಬರಬೇಕು. ಹೆದ್ದಾರಿಯಲ್ಲಿ ಯಾವ ಕಾರೂ ಕುದಿಯುವುದಿಲ್ಲ. ಜೂನ್ ತಿಂಗಳ ಬಿಸಿಲಲ್ಲಿ ಬರ್ಮಿಂಗ್‌ಹ್ಯಾಮ್‌ನ ಸಿಗ್ನಲ್‌ಗಳಲ್ಲಿ ನಿಂತಾಗ ಪರೀಕ್ಷೆ. ನೀರು ಮಾತ್ರ ಹಾಕಬೇಡ. ಅಲ್ಯೂಮಿನಿಯಂ ಎಂಜಿನ್ನಿಗೆ ತುಕ್ಕುನಿರೋಧಕ ಇರುವ ಆಂಟಿಫ್ರೀಝ್ ವರ್ಷವಿಡೀ ಇರಬೇಕು.

ಕಾಗದದ ಕೆಲಸ ಬೇಸರದ್ದು, ಬೇಗ ಹೇಳಿ ಮುಗಿಸುತ್ತೇನೆ. ಎಂಜಿನ್ ನಂಬರು, ಸಿಸಿ ಬದಲಾದದ್ದನ್ನು ಡಿವಿಎಲ್‌ಎಗೆ ತಿಳಿಸಿ ಲಾಗ್‌ಬುಕ್ ತಿದ್ದಿಸಬೇಕು. ನಮ್ಮೂರಲ್ಲಿ ಆರ್‌ಸಿ ಪುಸ್ತಕಕ್ಕೆ ಆರ್‌ಟಿಒ ಒಪ್ಪಿಗೆ ಬೇಕಲ್ಲ, ಅದೇ ಥರ. 40 ವರ್ಷ ದಾಟಿದ ಕಾರಿಗೆ ಎಂಒಟಿ ಎಂಬ ವಾರ್ಷಿಕ ತಪಾಸಣೆಯ ವಿನಾಯಿತಿ 2018ರ ಮೇ ತಿಂಗಳಲ್ಲಿ ಬಂತು, ಆದರೆ ಕಾರು ಗಣನೀಯವಾಗಿ ಬದಲಾಗಿರಬಾರದು ಅಂತ ಷರತ್ತು. ಸಿಲಿಂಡರ್ ಸಂಖ್ಯೆ ಬೇರೆಯಾದರೆ ಗಣನೀಯ ಬದಲಾವಣೆ ಅನ್ನಿಸಿಕೊಳ್ಳುವ ಸಾಧ್ಯತೆ ಇದೆ ಅಂತಲೂ, ಆ ಮಾದರಿಗೆ ಕಾರ್ಖಾನೆಯೇ ಕೊಟ್ಟ ಬೇರೆ ಎಂಜಿನ್ನಾದರೆ ಅಡ್ಡಿಯಿಲ್ಲ ಅಂತಲೂ ಆಗಿನ ಮಾರ್ಗಸೂಚಿ ಹೇಳಿತ್ತು. ಕೆಲಸ ಶುರು ಮಾಡುವ ದಿನ ಯಾವ ನಿಯಮ ಇದೆಯೋ ಅದನ್ನು ಓದಿಕೋ. ವಿನಾಯಿತಿ ಸಿಕ್ಕಿದರೂ ವರ್ಷಕ್ಕೊಮ್ಮೆ ಎಂಒಟಿ ಮಾಡಿಸು ಅನ್ನುವುದು ನನ್ನ ಹಟ. ಬೇರೆಯವನೊಬ್ಬ ಕಾರಿನ ಕೆಳಗೆ ದೀಪ ಹಿಡಿದು ನೋಡಲಿ. ಇನ್ಶೂರೆನ್ಸಿನವರಿಗೆ ಮೊದಲೇ ಹೇಳು, ಕೆಲಸ ಮುಗಿದ ಮೇಲೆ ಹೇಳುತ್ತೇನೆ ಅನ್ನಬೇಡ. ನಿನ್ನ ವಯಸ್ಸಿಗೆ ವಿ8 ಅಂದರೆ ಅವರು ಕೇಳುವ ಮೊತ್ತದಿಂದಲೇ ನಿನ್ನ ಆಸೆ ತಣ್ಣಗಾಗಬಹುದು.

ತಣ್ಣಗಾದರೆ ಇನ್ನೊಂದು ದಾರಿ ಇದೆ, ಅದನ್ನು ಯಾರೂ ವಿಡಿಯೊ ಮಾಡುವುದಿಲ್ಲ. ಆ ಬಿ-ಸೀರೀಸ್ ಎಂಜಿನ್ನನ್ನೇ ಬೋರಿಂಗ್ ಮಾಡಿಸಿ 1950 ಸಿಸಿವರೆಗೆ ತರಬಹುದು. ಹೆಡ್ಡಿನ ದಾರಿಗಳನ್ನು ನಯಗೊಳಿಸಿ, ಒಳ್ಳೇ ಕ್ಯಾಮ್ ಶಾಫ್ಟ್ ಹಾಕಿಸಿದರೆ ಕಾರಿಗೆ ಬೇರೆಯೇ ಪಿಕಪ್ ಬರುತ್ತದೆ. ಗೇರ್‌ಬಾಕ್ಸು, ಆಕ್ಸಲ್ಲು, ರೇಡಿಯೇಟರು ಯಾವುದೂ ಜಾಗ ಬಿಟ್ಟು ಕದಲಬೇಕಿಲ್ಲ, ಸಿಲಿಂಡರ್ ಸಂಖ್ಯೆಯೂ ನಾಲ್ಕೇ. ನನ್ನ ದುಡ್ಡಾಗಿದ್ದರೆ ನಾನು ಇದನ್ನೇ ಮಾಡಿಸುತ್ತಿದ್ದೆ. ಆದರೆ ವಿ8 ಸದ್ದಿನ ಆಸೆ ಇಂಥ ಲೆಕ್ಕ ಕೇಳುವುದಿಲ್ಲ ಅನ್ನುವುದೂ ಗೊತ್ತು. ಯಾವ ದಾರಿ ಹಿಡಿದರೂ ಈ ಬೇಸಿಗೆ ಪೂರ್ತಿ ಕಾರನ್ನು ಹೇಗಿದೆಯೋ ಹಾಗೇ ಓಡಿಸು. ವೇಲ್ಸ್ ಕಡೆಯ ಬೆಟ್ಟಗಳಿಗೆ ಹೋಗು. ಅದಕ್ಕೆ ಏನು ಸಾಲದು ಅನ್ನುವುದು ನಿನ್ನ ಬೆನ್ನಿಗೆ, ಕಾಲಿಗೆ ಗೊತ್ತಾಗಲಿ. ಎಷ್ಟೋ ಸಲ ಸಾಲದೇ ಇದ್ದದ್ದು ಕಾರ್ಬ್ಯುರೇಟರ್ ಟ್ಯೂನಿಂಗ್ ಅಂತ ತಿಳಿಯುತ್ತದೆ.

ವಿ8 ಹಾಕುವುದೇ ಆದರೂ ಹಳೇ ಎಂಜಿನ್ನನ್ನು ಮಾರಬೇಡ. ಟ್ರಯಂಫ್ ಸ್ಟ್ಯಾಗ್ ಕಾರಿನ ಕಥೆ ಕೇಳು. 1970ರಲ್ಲಿ ಬಂದ ಆ ಕಾರಿಗೆ ಟ್ರಯಂಫ್ ತನ್ನದೇ 3 ಲೀಟರ್ ವಿ8 ಮಾಡಿತ್ತು. ಕಬ್ಬಿಣದ ಬ್ಲಾಕು, ಅಲ್ಯೂಮಿನಿಯಂ ಹೆಡ್ಡು, ನೀರಿನ ಪಂಪು ಎತ್ತರದಲ್ಲಿ. ಸ್ವಲ್ಪ ನೀರು ಇಳಿದರೆ ಪಂಪಿಗೆ ಸಿಗುವುದಿಲ್ಲ, ಎಂಜಿನ್ ಕಾಯುತ್ತದೆ, ಹೆಡ್ಡು ಸೊಟ್ಟಗಾಗುತ್ತದೆ. ಬೇಸತ್ತ ಮಾಲೀಕರು ಅದನ್ನು ಎಸೆದು ರೋವರ್ ವಿ8 ಹಾಕಿಸಿದರು. ಆಗ ಅದು ಬುದ್ಧಿವಂತರ ಕೆಲಸ. ಆಮೇಲೆ ಸ್ಟ್ಯಾಗ್ ಎಂಜಿನ್ನನ್ನು ಸರಿಯಾಗಿ ಕಟ್ಟುವುದನ್ನು ಜನ ಕಲಿತರು, ಈಗ ಕೊಳ್ಳುವವರು ಮೊದಲು ಕೇಳುವುದೇ ಮೂಲ ಎಂಜಿನ್ ಇದೆಯೇ ಅಂತ. ಹಾಗಾಗಿ ನಿನ್ನ 1798 ಅನ್ನು ಎಣ್ಣೆ ಹಚ್ಚಿ, ಪ್ಲಗ್ ತೂತು ಮುಚ್ಚಿ, ಗ್ಯಾರೇಜಿನ ಮೂಲೆಯಲ್ಲಿ ಹಲಗೆ ಮೇಲಿಡು. ಗೇರ್‌ಬಾಕ್ಸು, ಪ್ರೊಪೆಲ್ಲರ್ ಶಾಫ್ಟು, 3.9 ಕ್ರೌನ್ ಪಿನಿಯನ್ನು, ಬೋಲ್ಟು ನಟ್ಟು ಸಮೇತ ಒಂದೇ ಕಡೆ, ಚೀಟಿ ಕಟ್ಟಿ ಇಟ್ಟುಕೋ.

ಈಗ ಎಂಜಿನ್. ನೀನು ನೋಡಿಟ್ಟಿರುವುದು 4.6 ಅಂದೆ. ಬೇಡ, 3.5 ತಗೋ. 3.9ರಿಂದ ಮೇಲಿನವುಗಳಲ್ಲಿ ಅದೇ ಬ್ಲಾಕಿನ ಬೋರು ದೊಡ್ಡದು ಮಾಡಿ, ಲೈನರ್ ಸುತ್ತಲಿನ ಅಲ್ಯೂಮಿನಿಯಂ ತೆಳ್ಳಗಾಗಿದೆ. ಕಾದಾಗ ಲೈನರ್ ಹಿಂದೆ ಬಿರುಕು ಬಿಟ್ಟ ಬ್ಲಾಕುಗಳು ಎಷ್ಟೋ ಇವೆ. ಎಸ್‌ಡಿ1 ಅಥವಾ ರೇಂಜ್ ರೋವರಿನಿಂದ ಬಂದ 3528 ಸಿಸಿ, ಸ್ವಲ್ಪ ಸದ್ದು ಮಾಡಿದರೂ ಆಗಲಿ, ಬಿರುಕಿಲ್ಲದ್ದು ಸಿಕ್ಕಿದರೆ ಸಾಕು. ರಾಕರ್ ಕವರ್ ತೆಗೆಸಿ ನೋಡು. ಒಳಗೆ ಕಪ್ಪು ರಾಡಿ ಕಟ್ಟಿದ್ದರೆ ಎಣ್ಣೆ ಬದಲಿಸದೆ ಓಡಿಸಿದ್ದಾರೆ ಅಂತ ಅರ್ಥ, ಕ್ಯಾಮ್ ಶಾಫ್ಟೂ ಹೈಡ್ರಾಲಿಕ್ ಟ್ಯಾಪೆಟ್‌ಗಳೂ ಸವೆದಿರುತ್ತವೆ. ಆಗ ಬೆಲೆ ಇಳಿಸಿ ಕೇಳು. ಹೇಗೂ ಕ್ಯಾಮು, ಟ್ಯಾಪೆಟ್ಟು, ಟೈಮಿಂಗ್ ಚೈನು ಹೊಸದೇ ಹಾಕುವವನು ನೀನು. ಬ್ಲಾಕಿನ ಹೊರಗೆ, ಹೆಡ್ಡು ಕೂರುವ ಅಂಚಿನಲ್ಲಿ ನೀರು ಜಿನುಗಿದ ಬಿಳಿ ಗೆರೆ ಇದ್ದರೆ ಮಾತ್ರ ಮಾತಾಡದೆ ಬಂದುಬಿಡು.

ಎಂಜಿನ್ ಕಟ್ಟಿ ಮುಗಿಸುವ ದಿನ ನನಗೆ ಹೇಳು, ಬರುತ್ತೇನೆ. ಮುಂದಿನ ಕವರಿನಲ್ಲಿರುವ ಎಣ್ಣೆ ಪಂಪಿನ ಗೇರುಗಳ ಸುತ್ತ ವ್ಯಾಸಲೀನ್ ತುಂಬಬೇಕು, ಒಣಗಿದ ಪಂಪು ತಾನಾಗಿ ಎಣ್ಣೆ ಎಳೆಯುವುದಿಲ್ಲ. ಗ್ರೀಸ್ ತುಂಬಬೇಡ, ಅದು ಕರಗದೆ ದಾರಿ ಕಟ್ಟುತ್ತದೆ. ಪ್ಲಗ್ಗುಗಳನ್ನೆಲ್ಲ ಬಿಚ್ಚಿಟ್ಟು, ಗೇಜಿನ ಮುಳ್ಳು ಏಳುವವರೆಗೆ ಸ್ಟಾರ್ಟರಿನಲ್ಲಿ ಬಿಟ್ಟು ಬಿಟ್ಟು ತಿರುಗಿಸಬೇಕು. ಮುಳ್ಳು ಏಳದಿದ್ದರೆ ಪಂಪು ಮತ್ತೆ ಬಿಚ್ಚು, ಪ್ಲಗ್ ಹಾಕಲು ಹೋಗಬೇಡ. ವ್ಯಾಸಲೀನ್ ದೊಡ್ಡ ಡಬ್ಬಿಯದು ತಂದಿಡು, ಸಣ್ಣದು ಸಾಲುವುದಿಲ್ಲ.

ನಿನ್ನ ಮಾವ